ಹೊಳೆಯ ‘ರಿಫಲ್’ಗೆ ಕನ್ನಡದಲ್ಲಿ ಪದ ಇದೆಯೇ?

ಬಲ್ಲವರಿಗೆ ನಮಸ್ಕಾರ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ಹೊಳೆ-ತೊರೆಗಳು ಮೀನು, ಹುಳುಗಳ ಬದುಕಿಗೆ ಎಷ್ಟು ಒಗ್ಗುತ್ತವೆ ಎಂದು ನೋಡಿ ಅಂಕ ಕೊಡುವ ಕ್ರಮವೊಂದಿದೆ. ಅದರ ಬಗೆಗಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಟ್ಟು 100 ಅಂಕ. ತಳದ ಕಲ್ಲು-ಮಣ್ಣು, ಮೀನು ಅಡಗುವ ಬೇರು-ಪೊಟರೆ, ಪಾತ್ರದ ಅಂಕುಡೊಂಕು, ಇವಕ್ಕೆ ತಲಾ 20. ದಡದ ಮರಗಿಡಗಳಿಗೆ 10, ಇಳಿಜಾರಿಗೆ 10. ಉಳಿದ 20ರಲ್ಲಿ ‘ಪೂಲ್’ಗೆ 12, ‘ರಿಫಲ್’ಗೆ 8.

ಪೂಲ್‌ಗೆ ಯೋಚಿಸಬೇಕಾಗಲಿಲ್ಲ, ‘ಮಡು’ ಇದೆ. ಒಂದು ಮೀಟರಿಗಿಂತ ಆಳವಿದ್ದರೆ ಅಲ್ಲಿ ಹೆಚ್ಚು ಅಂಕ. ಮಡು ಎಂದಾಗ ನಮ್ಮ ಮನಸ್ಸಿಗೆ ಬರುವುದೂ ಆಳವೇ.

ತೊಡಕಾಗಿರುವುದು ರಿಫಲ್. ಮೊಣಕಾಲು ಮುಳುಗದಷ್ಟು ನೀರು ಕಲ್ಲುಗಳ ಮೇಲೆ ಸದ್ದು ಮಾಡುತ್ತಾ, ನೊರೆಯೊಡೆಯುತ್ತಾ ಓಡುವ ಜಾಗ ಅದು. ‘ಝರಿ’ ಎಂದು ಬರೆದು ಹೊಡೆದುಹಾಕಿದೆ; ಝರಿ ಎಂದರೆ ಇಡೀ ತೊರೆ, ಅದರ ಒಂದು ತುಂಡಲ್ಲ. ‘ಸೆಳವು’ ನೀರಿನ ಬಲವನ್ನು ಹೇಳುತ್ತದೆ, ಜಾಗವನ್ನಲ್ಲ. ನಮ್ಮೂರಿನಲ್ಲಿ ಕೇಳಿದರೆ ‘ಹಳ್ಳ ದಾಟುವ ಜಾಗ’ ಎಂದರು. ಅದು ಮನುಷ್ಯನ ಕಾಲಿಗೆ ಸಿಕ್ಕ ಹೆಸರು, ಹುಳುವಿನ ಮನೆಗೆ ಹೊಂದುವುದಿಲ್ಲ. ಅದೇ ಜಾಗದಲ್ಲಿ ಒಂದು ಕಲ್ಲನ್ನು ಮಗುಚಿ ನೋಡಿದೆ. ಅಡಿಯಲ್ಲಿ ಮರಳಿನ ಕಣಗಳನ್ನು ಅಂಟಿಸಿಕೊಂಡು ಗೂಡು ಕಟ್ಟಿದ ಹುಳು, ಪಕ್ಕದಲ್ಲಿ ಮೂರು ಬಾಲದ ಚಪ್ಪಟೆ ಮರಿ. ಎರಡು ಮಾರು ಆಚೆ, ಕೆಸರಿನಲ್ಲಿ ಅರ್ಧ ಹೂತಿದ್ದ ಕಲ್ಲಿನಡಿ ಏನೂ ಇರಲಿಲ್ಲ.

ಹೀಗೆ ಕಲ್ಲು ಹೂತುಹೋಗುವುದಕ್ಕೂ ಒಂದು ಪಾರಿಭಾಷಿಕ ಪದ ಬೇಕಿತ್ತು. ಅದು ಹೆಚ್ಚಾದಷ್ಟೂ ಹೊಳೆಗೆ ಅಂಕ ಕಡಿಮೆ. ನಮ್ಮಲ್ಲಿ ‘ಹೂಳು’ ಎಂದರೆ ನೀರಿನಡಿ ಕೂತ ಮಣ್ಣು, ಕ್ರಿಯಾಪದವಾದರೆ ಮುಚ್ಚಿಹಾಕು. ಎರಡೂ ಅರ್ಥ ಒಂದೇ ಪದದಲ್ಲಿ ಸಿಕ್ಕಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ‘ಹೂಳಿಕೆ’ ಎಂದು ಬಳಸುತ್ತಿದ್ದೇನೆ.

ರಿಫಲ್‌ಗೆ ಸದ್ಯ ‘ಕಲ್ಹರಿವು’ ಎಂದು ಕಟ್ಟಿಕೊಂಡಿದ್ದೇನೆ. ಆದರೆ ಮಲೆನಾಡಿನಲ್ಲಿ ಬಲೆ ಬೀಸುವವರ, ಏಡಿ ಹಿಡಿಯುವವರ ಬಾಯಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು. ಕೇಳಿದವರು, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ತಿಳಿಸಿ.

ಇನ್ನೊಂದು ಸಣ್ಣ ಪ್ರಶ್ನೆ. ಒಹಾಯೊದ ಹೊಳೆಗಳ ಒಂದು ದರ್ಜೆ ‘ವಾರ್ಮ್‌ವಾಟರ್’. ಟ್ರೌಟ್ ಮೀನಿನ ತಣ್ಣೀರಿಗೆ ಎದುರಾಗಿ ಬಂದ ಹೆಸರು. ‘ಬಿಸಿನೀರಿನ ನೆಲೆ’ ಎಂದರೆ ಓದುಗರು ಪುತ್ತೂರಿನ ಬಳಿಯ ಬೆಂದ್ರು ತೀರ್ಥದಂಥ ಬಿಸಿನೀರ ಬುಗ್ಗೆ ಎಂದುಕೊಳ್ಳುತ್ತಾರೆ. ‘ಬೆಚ್ಚನೆ ನೀರಿನ ನೆಲೆ’ ಸಾಕೇ?