ಅಪ್‌ಡೇಟ್: ಮುಚ್ಚಿಕೊಂಡಿದ್ದ ಜೊಆಂತಿಡ್ ಅರಳಿತು

ಹಾಸನದ ನಮ್ಮ ಮನೆಯ 60 ಲೀಟರ್ ರೀಫ್ ಟ್ಯಾಂಕಿನಲ್ಲಿ (ಸಮುದ್ರ ಜೀವಿಗಳನ್ನು ಸಾಕುವ ಉಪ್ಪುನೀರಿನ ತೊಟ್ಟಿ) ಜೊಆಂತಿಡ್, ಅಂದರೆ ಹವಳದ ಸಂಬಂಧಿಯಾದ, ಹೂವಿನಂತೆ ಅರಳುವ ಜೀವಿ, ಹತ್ತು ದಿನದಿಂದ ಮುಚ್ಚಿಕೊಂಡಿದೆ, ಏನು ಮಾಡಲಿ ಅಂತ ಕೇಳಿದ್ದೆ. ಒಂದು ಕ್ಲ್ಯಾಮ್ (ಎರಡು ಚಿಪ್ಪಿನ ಸಮುದ್ರ ಜೀವಿ) ತಂದು ಬಿಡಬಹುದಾ ಅಂತಲೂ ಕೇಳಿದ್ದೆ. ಬೆಳಕಿನ ವಿಷಯ ಆಮೇಲೆ, ಮೊದಲು ನೀರಿನ ಉಪ್ಪಿನಂಶ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ತಪ್ಪು ಅಲ್ಲೇ ಇತ್ತು. ನೀರು ಆರಿ ಕಡಿಮೆಯಾದಾಗಲೆಲ್ಲ ನಾನು ಉಪ್ಪು ಬೆರೆಸಿದ ನೀರನ್ನೇ ತುಂಬುತ್ತಿದ್ದೆ. ಆರಿ ಹೋಗುವುದು ಬರೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ ಅಲ್ವಾ! ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 1.031 ತೋರಿಸಿತು, ಅಂದರೆ ಉಪ್ಪು ಜಾಸ್ತಿ. ದಿನಾ ಸುಮಾರು ಒಂದು ಲೀಟರ್ ಟ್ಯಾಂಕಿನ ನೀರು ತೆಗೆದು, ಅಷ್ಟೇ ಸಿಹಿ ಆರ್‌ಓ ನೀರು ಹಾಕಿದೆ. ಒಮ್ಮೆಲೇ ಇಳಿಸಲಿಲ್ಲ. ಎರಡು ವಾರದ ಮೇಲೆ ಸರಿಯಾದ ಮಟ್ಟಕ್ಕೆ, 1.025ಕ್ಕೆ ಬಂತು. ಬೋರ್‌ವೆಲ್ ನೀರು ಮಾತ್ರ ಮುಟ್ಟಲಿಲ್ಲ.

ಮೊನ್ನೆ ಬೆಳಿಗ್ಗೆ ನಮ್ಮ ಮನೆಯವರು "ರೀ, ಬೇಗ ಬನ್ನಿ ಇಲ್ಲಿ" ಅಂತ ಕೂಗಿದರು. ಕಲ್ಲಿನ ಅಂಚಿನಲ್ಲಿ ಜೊಆಂತಿಡ್‌ನ ಒಂದೇ ಒಂದು ಪಾಲಿಪ್ (ಗುಂಪಿನ ಒಂದೊಂದು ಪುಟ್ಟ ಜೀವಿ), ಕೊತ್ತಂಬರಿ ಕಾಳಿನಷ್ಟು, ಹಸಿರು ಬಾಯಿ ಬಿಟ್ಟು ಸುತ್ತಲೂ ಎಳೆ ಚಾಚಿತ್ತು. ಸಂಜೆಗೆ ಹನ್ನೊಂದು ಎಣಿಸಿದೆವು. ಕಾಫಿ ಆರಿದ್ದು ಗೊತ್ತೇ ಆಗಲಿಲ್ಲ.

ಕ್ಲ್ಯಾಮ್ ಆಸೆ ಬಿಟ್ಟಿದ್ದೇನೆ. ಅದಕ್ಕೆ ಜೋರು ಬೆಳಕು ಬೇಕು, ಚಿಪ್ಪು ಬೆಳೆಸಲು ನೀರಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಚಿಕ್ಕ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಮಟ್ಟ ಬೇಗ ಏರುಪೇರಾಗುತ್ತದೆ. ಅದಕ್ಕಿಂತ ಜಾಸ್ತಿ, ಟ್ರೈಡಾಕ್ನಾ ಮ್ಯಾಕ್ಸಿಮಾ ಎಂಬ ಕ್ಲ್ಯಾಮ್ ಮತ್ತು ಗಟ್ಟಿ ಹವಳಗಳು ನಮ್ಮ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅವು ಸಮುದ್ರದಲ್ಲೇ ಇರಲಿ.

ಕರೆಂಟ್ ಹೋದಾಗ ಓಡಲು ಬ್ಯಾಟರಿ ಏರ್ ಪಂಪ್ ಕೂಡ ತಂದಿಟ್ಟಿದ್ದೇನೆ.