ಸಹಾಯ ಬೇಕು: ಟೊಮೆಟೊ ಎಲೆಚುಕ್ಕೆಗೆ ಲವಂಗದ ಎಣ್ಣೆ ಹೊಡೆದೆ, ಎಲೆ ಸುಟ್ಟಿತು

ಎಲ್ಲರಿಗೂ ನಮಸ್ಕಾರ. ನನ್ನ ಟೊಮೆಟೊ ಗಿಡಗಳ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಬಂದಿದೆ. ಚುಕ್ಕೆಯೊಳಗೆ ಉಂಗುರದ ಮೇಲೆ ಉಂಗುರ, ಸುತ್ತ ಹಳದಿ. ಆಲ್ಟರ್ನೇರಿಯಾ ಶಿಲೀಂಧ್ರದಿಂದ ಬರುವ ಅಂಗಮಾರಿ ರೋಗ ಅನಿಸುತ್ತದೆ.

ರಾಸಾಯನಿಕ ಹೊಡೆಯಲು ಮನಸ್ಸಿಲ್ಲ. ಲವಂಗದಲ್ಲಿರುವ ಯೂಜಿನಾಲ್, ಓಮದಲ್ಲಿರುವ ಥೈಮಾಲ್ ಎಂಬ ಅಂಶಗಳು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಹಾಳು ಮಾಡುತ್ತವೆ ಎಂದು ಓದಿದ್ದೆ. ಲವಂಗದ ಎಣ್ಣೆಯನ್ನು ಸೋಪು ನೀರಿನಲ್ಲಿ ಕಲಸಿ ಮಧ್ಯಾಹ್ನ ಸಿಂಪಡಿಸಿದೆ. ಮರುದಿನ ಎಳೆ ಎಲೆಗಳ ಅಂಚೆಲ್ಲ ಸುಟ್ಟಿತ್ತು. ನೋಡಿ ತುಂಬಾ ಬೇಜಾರಾಯಿತು. ಇದೇ ಎಣ್ಣೆಯನ್ನು ಗಟ್ಟಿಯಾಗಿ ಬಳಸಿದರೆ ಕಳೆ ಸಾಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಕಳೆ ಯಾವುದು, ಬೆಳೆ ಯಾವುದು ಎಂಬ ಭೇದ ಈ ಎಣ್ಣೆಗಿಲ್ಲ ಅಲ್ವಾ?

ಈಗ ನನ್ನ ಪ್ರಶ್ನೆ. ಎಲೆ ಸುಡದೆ ರೋಗ ತಡೆಯುವ ಪ್ರಮಾಣ ಯಾರಿಗಾದರೂ ಅನುಭವದಿಂದ ಗೊತ್ತಿದೆಯೇ? ಲೀಟರಿಗೆ ಎಷ್ಟು ಎಂದು ಹೇಳಿದರೆ ಒಂದೆರಡು ಎಲೆಗೆ ಮಾತ್ರ ಹಚ್ಚಿ ನೋಡುತ್ತೇನೆ. ಈ ಎಣ್ಣೆಗಳು ಬೇಗ ಆವಿಯಾಗುತ್ತವೆ, ಹಾಗಾದರೆ ಎಷ್ಟು ದಿನಕ್ಕೊಮ್ಮೆ ಹೊಡೆಯುತ್ತೀರಿ? ಎಣ್ಣೆ ತೇಲದಂತೆ ನೀರಿಗೆ ಏನು ಬೆರೆಸುತ್ತೀರಿ?

ಬೇವಿನ ಎಣ್ಣೆ ಬಳಸಿದವರೂ ಹೇಳಿ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಮುಖ್ಯವಾಗಿ ಕೀಟದ ಮೇಲೆ ಕೆಲಸ ಮಾಡುತ್ತದೆ, ಬಿಸಿಲಿಗೆ ಬೇಗ ಹಾಳಾಗುತ್ತದೆ. ಬೂದಿ ರೋಗಕ್ಕೆ ಬೇವಿನ ಎಣ್ಣೆ ಬಳಸುವುದುಂಟು. ಈ ಚುಕ್ಕೆಗೂ ನಿಮ್ಮಲ್ಲಿ ಕೆಲಸ ಮಾಡಿದೆಯೇ?

ರೋಗದ ಎಲೆಗಳನ್ನು ಕಿತ್ತು ದೂರ ಹಾಕಿದ್ದೇನೆ. ನೀರನ್ನು ಬುಡಕ್ಕೆ ಮಾತ್ರ ಕೊಡುತ್ತಿದ್ದೇನೆ. ಮೇಲಿನ ಎಲೆಗಳು ಇನ್ನೂ ಚೆನ್ನಾಗಿವೆ, ಅವನ್ನಾದರೂ ಉಳಿಸಿಕೊಳ್ಳಬೇಕು. ದಯವಿಟ್ಟು ಬೇಗ ತಿಳಿಸಿ.