ನಲವತ್ತು ಸಾವಿರ ಕೋಟಿ ನಕ್ಷತ್ರ, ಒಂದು ಫ್ಯಾಮಿಲಿ ಗ್ರೂಪ್

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. 'ನಾಸಾ ಬೆಚ್ಚಿಬಿದ್ದಿದೆ! ಗೇಮ್ ಆಡುವ ಹುಡುಗರು ಇಡೀ ಆಕಾಶಗಂಗೆಯ ಮ್ಯಾಪ್ ಮಾಡಿ ಮುಗಿಸಿದ್ದಾರೆ. 40,000 ಕೋಟಿ ನಕ್ಷತ್ರಗಳು! 10 ಜನರಿಗೆ ಕಳಿಸಿ.' ಕೆಳಗೆ ಅವರದೇ ಒಂದು ಸಾಲು: 'ಪುಟ್ಟ, ರಾತ್ರಿಯೆಲ್ಲ ಲೈಟ್ ಉರಿಸಿಕೊಂಡು ನೀನು ಮಾಡುವುದು ಇದೇನಾ? ನಮ್ಮ ತೋಟದ ಗಡಿ ಎಲ್ಲಿದೆ ಅಂತ ಗೊತ್ತಾ ನಿನಗೆ?'

ಫಾರ್ವರ್ಡನ್ನು ದೊಡ್ಡಪ್ಪ ಪೂರ್ತಿ ಓದಿರಲಿಲ್ಲ. ಗೇಮ್ ಅನ್ನುವ ಪದ ಕಂಡಿತು, ಪುಟ್ಟನ ಮುಖ ನೆನಪಾಯಿತು, ಕಳಿಸಿಬಿಟ್ಟರು.

ದಾವಣಗೆರೆ ಭಾವ ಐದೇ ನಿಮಿಷದಲ್ಲಿ ಬಂದರು.

ಭಾವ: ಮಾವ, ಇದಕ್ಕೆ ಮೂಲ ಯಾವುದು? ಲಿಂಕ್ ಇದ್ದರೆ ಕಳಿಸಿ.

ದೊಡ್ಡಪ್ಪ: ಅಳಿಯಂದಿರೇ, ಪಪ್ಪಾಯ ಎಲೆ ರಸದ ಮೆಸೇಜಿಗೂ ಹೀಗೇ ಕೇಳಿದಿರಿ. ಅದನ್ನು ಹಾಕಿದ್ದು ನಿಮ್ಮ ಅತ್ತೆ ಅಂತಾದರೂ ನೋಡಬೇಕಿತ್ತು.

ಭಾವ: ಆಕಾಶದ ವಿಷಯಕ್ಕೂ ಪಪ್ಪಾಯಕ್ಕೂ ಏನು ಸಂಬಂಧ ಮಾವ? ನಿಜವಾದ ನಕ್ಷತ್ರಗಳ ಮ್ಯಾಪ್ ಮಾಡಿದ್ದು ಯುರೋಪಿನ ಗಾಯಾ ನೌಕೆ. 2013ರಲ್ಲಿ ಹಾರಿಸಿದ್ದು. ಅದು ಲೆಕ್ಕ ಹಾಕಿದ್ದೇ ಸುಮಾರು 180 ಕೋಟಿ ನಕ್ಷತ್ರ. ನಾಸಾ ಎಲ್ಲಿಂದ ಬಂತು?

ಇದೊಂದು ಒಳ್ಳೆಯ ಮಾಹಿತಿ. ಯಾರೂ ಓದಲಿಲ್ಲ. ಅಷ್ಟರಲ್ಲಿ ಡಲ್ಲಾಸ್ ಕಿಟ್ಟಿ ಎಚ್ಚರವಾಗಿದ್ದ.

ಕಿಟ್ಟಿ: ನಕ್ಷತ್ರ ಅಂದ ಕೂಡಲೇ ನಮ್ಮ ತೀರ್ಥಹಳ್ಳಿ ಮನೆ ಅಂಗಳ ನೆನಪಾಯ್ತು. ಅಡಿಕೆ ಒಣಗಿಸುವ ಚಪ್ಪರದ ಮೇಲೆ ಮಲಗಿ ಸಪ್ತರ್ಷಿ ಮಂಡಲ ಹುಡುಕುತ್ತಿದ್ದೆವು ಅಲ್ವಾ? ಅಜ್ಜಿ ಹಲಸಿನ ಹಪ್ಪಳ ಸುಟ್ಟು ಕೊಡುತ್ತಿದ್ದರು.

ಮೈಸೂರು ಅತ್ತೆ: ಚಪ್ಪರ ಹತ್ತಿ ಕಾಲು ಮುರಿದುಕೊಂಡಿದ್ದು ನೀನೇ ತಾನೇ. ಅದನ್ನೂ ಬರಿ.

ಕೊನೆಗೂ ಪುಟ್ಟ ಎದ್ದ. ಹನ್ನೊಂದು ಗಂಟೆಗೆ.

ಪುಟ್ಟ: ದೊಡ್ಡಪ್ಪ, ಆ ಗೇಮ್ ಹೆಸರು ಎಲೀಟ್ ಡೇಂಜರಸ್. ಆಕಾಶದಲ್ಲಿ ಹಡಗು ಹಾರಿಸಿಕೊಂಡು ನಕ್ಷತ್ರ ಸುತ್ತುವ ಆಟ. ಇಂಗ್ಲೆಂಡಿನ ಕೇಂಬ್ರಿಡ್ಜ್ ಕಂಪನಿಯದು, 2014ರಲ್ಲಿ ಬಂದದ್ದು. 40,000 ಕೋಟಿ ನಕ್ಷತ್ರಗಳಿರುವುದು ಗೇಮಿನ ಆಕಾಶಗಂಗೆಯಲ್ಲಿ. ಅದರಲ್ಲಿ ಒಂದೂವರೆ ಲಕ್ಷ ಚಿಲ್ಲರೆ ಮಾತ್ರ ವಿಜ್ಞಾನಿಗಳ ಪಟ್ಟಿಯಿಂದ ತಗೊಂಡದ್ದು. ಮಿಕ್ಕಿದ್ದನ್ನೆಲ್ಲ ಕಂಪ್ಯೂಟರೇ ಲೆಕ್ಕ ಹಾಕಿ ಹುಟ್ಟಿಸಿದೆ. ಮ್ಯಾಪ್ ಮುಗಿದಿಲ್ಲ. ಲಕ್ಷಾಂತರ ಜನ ಇಷ್ಟು ವರ್ಷ ಆಡಿದರೂ ನೂರಕ್ಕೆ ಒಂದು ಪಾಲು ಕೂಡ ನೋಡಿಲ್ಲ.

ದೊಡ್ಡಪ್ಪ: ಹಾಗಾದರೆ ಇನ್ನೂ ಆಡುವುದು ಬಾಕಿ ಇದೆ ಅಂತಾಯಿತು.

ಭಾವ: ನೋಡಿ ಮಾವ, ನಾನು ಹೇಳಿದ್ದು ಸರಿ.

ದೊಡ್ಡಪ್ಪ: ನೀವು ಮೂಲ ಕೇಳಿದಿರಿ ಅಷ್ಟೇ. ಏನೂ ಹೇಳಲಿಲ್ಲ.

ಆಮೇಲೆ ಯಾರು ಏನು ಹೇಳಿದರು ಅಂತ ಮೇಲಿನ ಮೆಸೇಜುಗಳನ್ನು ತೋರಿಸುವ ಸ್ಕ್ರೀನ್‌ಶಾಟ್‌ಗಳು ಬಂದವು. ಅವನ್ನು ಬಿಟ್ಟುಬಿಡುತ್ತೇನೆ. ಒಂದರಲ್ಲಿ ದೊಡ್ಡಪ್ಪನ ಮೊಬೈಲಿನ ಚಾರ್ಜ್ ಶೇಕಡಾ 4 ಇತ್ತು, ಅದರ ಬಗ್ಗೆಯೂ ಬುದ್ಧಿಮಾತು ನಡೆಯಿತು.

ಅತ್ತೆಗೆ ಮಾತ್ರ ನಿಜವಾದ ಕುತೂಹಲ ಇತ್ತು.

ಅತ್ತೆ: ಪುಟ್ಟ, ನನ್ನದು ರೋಹಿಣಿ ನಕ್ಷತ್ರ. ನಿನ್ನ ಗೇಮಿನಲ್ಲಿ ಇದೆಯಾ?

ಪುಟ್ಟ: ಇದೆ ಅತ್ತೆ. ಇಂಗ್ಲಿಷಿನಲ್ಲಿ ಆಲ್ಡೆಬರಾನ್. ಇಲ್ಲಿಂದ 65 ಜ್ಯೋತಿರ್ವರ್ಷ. ಕಿತ್ತಳೆ ಬಣ್ಣದ ದೈತ್ಯ ನಕ್ಷತ್ರ. ಅದರ ಹತ್ತಿರ ಹಾರಿಸಿದರೆ ಹಡಗಿಗೆ ಇಂಧನ ತುಂಬಿಕೊಳ್ಳಬಹುದು. ಎಲ್ಲ ಜಾತಿಯ ನಕ್ಷತ್ರದಲ್ಲೂ ಅದು ಆಗುವುದಿಲ್ಲ.

ದೊಡ್ಡಪ್ಪ: ಅಲ್ಲೂ ಜಾತಿ!

ಕಿಟ್ಟಿ: ಇಂಧನ ಖಾಲಿಯಾದರೆ?

ಪುಟ್ಟ: ಫ್ಯುಯೆಲ್ ರ್‍ಯಾಟ್ಸ್ ಅಂತ ಆಟಗಾರರದೇ ಒಂದು ಗುಂಪಿದೆ. ಕರೆದರೆ ಎಷ್ಟು ದೂರ ಇದ್ದರೂ ಬಂದು ಇಂಧನ ಕೊಟ್ಟು ಹೋಗುತ್ತಾರೆ. ಬಿಟ್ಟಿ.

ಕಿಟ್ಟಿ: ಆಗುಂಬೆ ಘಾಟಿಯಲ್ಲಿ ಮಾವನ ಲೂನಾ ನಿಂತಾಗ ಒಬ್ಬನೂ ಬರಲಿಲ್ಲ. ನಾನೇ ತಳ್ಳಿದ್ದು.

ದೊಡ್ಡಪ್ಪ: ನೀನು ಹಿಂದೆ ಕೂತಿದ್ದೆ. ತಳ್ಳಿದ್ದು ನಾನು.

ಪುಟ್ಟನಿಗೆ ಉತ್ಸಾಹ ಬಂದಿತ್ತು. ಅವನ ಪಾಲಿಗೆ ಈ ಗ್ರೂಪಿನಲ್ಲಿ ಯಾರಾದರೂ ಪ್ರಶ್ನೆ ಕೇಳುವುದೇ ಹಬ್ಬ. ಬಡಬಡ ಬರೆಯುತ್ತಾ ಹೋದ. ಆಕಾಶಗಂಗೆಯ ನಡುವಿನ ಕಪ್ಪುಕುಳಿ ಸುಮಾರು 26,000 ಜ್ಯೋತಿರ್ವರ್ಷ ದೂರ. ಗೇಮಿನಲ್ಲಿ ಆಚೆ ತುದಿಯ ನಕ್ಷತ್ರ ಬೀಗಲ್ ಪಾಯಿಂಟ್ 65,000. ನಕ್ಷತ್ರದಿಂದ ನಕ್ಷತ್ರಕ್ಕೆ ಒಂದೊಂದೇ ನೆಗೆತದಲ್ಲಿ ಹೋಗಬೇಕು. 2019ರ ಜನವರಿಯಲ್ಲಿ ಆ ಕಡೆಗೆ ಆಟಗಾರರ ಒಂದು ದೊಡ್ಡ ಯಾತ್ರೆ ಹೊರಟಿತ್ತು, 13,000ಕ್ಕೂ ಜಾಸ್ತಿ ಜನ ಹೆಸರು ಕೊಟ್ಟಿದ್ದರು. ದಾರಿಯಲ್ಲಿ ಕಂಡ ಗ್ರಹಗಳನ್ನು ಸ್ಕ್ಯಾನ್ ಮಾಡಿದರೆ ಸಾಲದು, ಆ ಮಾಹಿತಿಯನ್ನು ಗೇಮಿನ ನಿಲ್ದಾಣಕ್ಕೆ ವಾಪಸ್ ತಂದು ಮಾರಬೇಕು. ಅದಕ್ಕೆ ಮುಂಚೆ ಹಡಗು ಒಡೆದರೆ ತಿಂಗಳುಗಟ್ಟಲೆ ಸುತ್ತಿದ್ದೆಲ್ಲ ಹೋಯಿತು.

ಭಾವ: ಮತ್ತೆ ನಮ್ಮ ಭೂಮಿಗೆ ಹೋಗಬಹುದಾ?

ಪುಟ್ಟ: ಸೂರ್ಯನ ಹತ್ತಿರ ಬರಲು ಪರ್ಮಿಟ್ ಬೇಕು ಭಾವ. ಮೊದಲು ಅಲ್ಲಿನ ಸರ್ಕಾರದ ಕೆಲಸ ಮಾಡಿಕೊಟ್ಟು ದರ್ಜೆ ಏರಬೇಕು.

ಭಾವ: ನಂಬಬಹುದಾದ ಮೊದಲ ವಿಷಯ ಇದು.

ಪುಟ್ಟ: ಇನ್ನೊಂದು ಮಜಾ ಇದೆ. ಯಾರೂ ನೋಡದ ನಕ್ಷತ್ರದ ಮಾಹಿತಿಯನ್ನು ಮೊದಲು ತಂದು ಮಾರಿದವರ ಹೆಸರು ಅದರ ಮೇಲೆ ಉಳಿಯುತ್ತದೆ. ಮುಂದೆ ಯಾರೇ ಹೋದರೂ 'ಮೊದಲು ಕಂಡವರು ಇಂಥವರು' ಅಂತ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಭಾನುವಾರ ಸುಖವಾಗಿ ಕಳೆಯುತ್ತಿತ್ತು.

ಅತ್ತೆ: ಒಳ್ಳೆ ಪದ್ಧತಿ. ಮಾಡಿದವರ ಹೆಸರು ಹಾಕುತ್ತಾರೆ. ನಮ್ಮೂರಿನ ದೇವಸ್ಥಾನದ ಕಲ್ಲಿನ ಹಾಗಲ್ಲ.

ಗೊತ್ತಿಲ್ಲದವರಿಗೆ: ದೇವಸ್ಥಾನದ ಹೆಂಚು ಬದಲಿಸಲು ಅತ್ತೆ ತಮ್ಮ ಪಿಂಚಣಿ ದುಡ್ಡಿನಲ್ಲಿ ದೊಡ್ಡ ಪಾಲು ಕೊಟ್ಟಿದ್ದರು. ಬಾಗಿಲ ಪಕ್ಕದ ಕಲ್ಲಿನಲ್ಲಿ ದೊಡ್ಡಪ್ಪನ ಹೆಸರು, ಅದರ ಕೆಳಗೆ 'ಮತ್ತು ಕುಟುಂಬದವರು'. ಅತ್ತೆ ಆ ಕಲ್ಲಿನ ಫೋಟೋ ಇಟ್ಟುಕೊಂಡಿದ್ದಾರೆ. ಈಗ ಹಾಕಿದರು.

ದೊಡ್ಡಪ್ಪ: ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳಿದ ಕೆತ್ತುವವನು. ನಾನೇನು ಮಾಡಲಿ?

ಅತ್ತೆ: 'ಮತ್ತು ಕುಟುಂಬದವರು' ಅಂತ ಕೆತ್ತಿಸಲು ದುಡ್ಡು ಕೊಡಲಿಲ್ಲವಾ ಅಣ್ಣ? ನನ್ನ ಹೆಸರಿಗೆ ಎರಡೇ ಅಕ್ಷರ. ರಮಾ.

ಭಾವ: ಅತ್ತೆಯವರ ಲೆಕ್ಕ ಸರಿಯಿದೆ.

ದೊಡ್ಡಪ್ಪ: ಇದಕ್ಕೆ ಮೂಲ ಕೇಳುವುದಿಲ್ಲವೇನು ಅಳಿಯಂದಿರೇ?

ಕಿಟ್ಟಿ ದೇವಸ್ಥಾನದ ಜಾತ್ರೆಯ ಹಳೇ ಫೋಟೋ ಹಾಕಿದ. ಅದರಲ್ಲಿ ಅವನೊಬ್ಬನೇ ಇದ್ದ.

ಪುಟ್ಟ ಮಾತು ತಿರುಗಿಸಲು ತನ್ನ ಗೇಮಿನ ಒಂದು ಚಿತ್ರ ಕಳಿಸಿದ. ನೀಲಿ ಉಂಗುರದ ಗ್ರಹ, ನಿಜಕ್ಕೂ ಚೆನ್ನಾಗಿತ್ತು. ಪಕ್ಕದಲ್ಲಿ ಮೊದಲು ಕಂಡವರ ಹೆಸರು. ದೊಡ್ಡಪ್ಪ ಕನ್ನಡಕ ಹಾಕಿ ದೊಡ್ಡದು ಮಾಡಿ ನೋಡಿರಬೇಕು.

ದೊಡ್ಡಪ್ಪ: ಏನಿದು, ಕಮಾಂಡರ್ ಬೋಂಡಾ?

ಪುಟ್ಟ: ಅದು ನಾನೇ ದೊಡ್ಡಪ್ಪ.

ಅತ್ತೆ: ನಾವು ತಿನ್ನುವ ಬೋಂಡಾನಾ?

ದೊಡ್ಡಪ್ಪ: ಇಡೀ ಆಕಾಶಗಂಗೆಯಲ್ಲಿ ಹೆಸರು ಹಾಕುವ ಅವಕಾಶ ಸಿಕ್ಕಿದೆ, ಬೋಂಡಾ ಅಂತ ಹಾಕಿದ್ದಾನೆ. ನಿಮ್ಮಜ್ಜನ ಹೆಸರಿರಲಿಲ್ಲವಾ? ಮನೆತನದ ಹೆಸರಿರಲಿಲ್ಲವಾ?

ಭಾವ: ಬೇಜಾರು ಮಾಡಿಕೊಳ್ಳಬೇಡಿ ಮಾವ. 'ಬೋಂಡಾ ಮತ್ತು ಕುಟುಂಬದವರು' ಅಂತ ಮಾಡಿಸೋಣ.

ಅತ್ತೆ ಅದಕ್ಕೆ ಹಾರ್ಟ್ ಒತ್ತಿದರು. ಮೊಬೈಲಿಗೆ ಚಾರ್ಜ್ ಹಾಕಿಕೊಂಡು ದೊಡ್ಡಪ್ಪ ಅದರದ್ದೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಾರಂತೆ. ದೊಡ್ಡಮ್ಮ ನನಗೆ ಬೇರೆ ಮೆಸೇಜಿನಲ್ಲಿ ತಿಳಿಸಿದರು.